ಆರು ಅಂಕಿಯ ಅತ್ತೆ

ನಮ್ಮ ಆಫೀಸಿನಲ್ಲಿ ಪಾಸಪ್ಪ ಎಂದರೆ ಎಲ್ಲರಿಗೂ ಗೊತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಕುತ್ತಿಗೆಗೆ ನೇತುಹಾಕಿಕೊಂಡ ಗುರುತಿನ ಕಾರ್ಡಿನಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ. ಬೇರೆಯವರು ಬರೆದ ಸಾಫ್ಟ್‌ವೇರ್ ಸರಿಯಾಗಿ ನಡೆಯುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿ, ನಡೆದರೆ ಹಸಿರು, ಎಡವಿದರೆ ಕೆಂಪು ಗುರುತು ಕೊಡುವುದು ಅವನ ಕೆಲಸ. ಅವನ ವರದಿಯಲ್ಲಿ ಕೆಂಪು ಅಪರೂಪ. ಅದಕ್ಕೆ ಕಾರಣ ಸೋಮಾರಿತನವಲ್ಲ, ದಾಕ್ಷಿಣ್ಯ. ಕೆಂಪು ಕೊಟ್ಟರೆ ಅದನ್ನು ಬರೆದವನ ಮುಖ ಸಪ್ಪಗಾಗುತ್ತದೆ, ಆ ಸಪ್ಪೆ ಮುಖದ ಎದುರಿಗೇ ಮಧ್ಯಾಹ್ನ ಊಟಕ್ಕೆ ಕೂರಬೇಕಾಗುತ್ತದೆ ಎಂದು ಯೋಚಿಸಿ, ಇನ್ನೊಂದು ಸಲ ಓಡಿಸಿ ನೋಡುತ್ತಿದ್ದ, ಮತ್ತೊಂದು ಸಲ ಓಡಿಸುತ್ತಿದ್ದ. ಹತ್ತರಲ್ಲಿ ಒಂದು ಸಲ ಹಸಿರು ಬಂದರೂ ಅದನ್ನೇ ಭದ್ರವಾಗಿ ಹಿಡಿದುಕೊಂಡು ‘ಪಾಸ್’ ಎಂದು ಬರೆಯುತ್ತಿದ್ದ.

ನಾನು ಅವನ ಪಕ್ಕದ ಮೇಜಿನವನು. ಈ ಸಂಗತಿಯಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು. ಉಳಿದದ್ದನ್ನು ಅವನ ಅತ್ತೆಯೇ ನನ್ನನ್ನು ಕೂರಿಸಿಕೊಂಡು ಹೇಳಿದರು. ಆಕೆ ಒಂದು ಮಾತು ಹೆಚ್ಚಾಗಿ ಹೇಳುವವರಲ್ಲ, ಕಡಿಮೆಯಾಗಿಯೂ ಹೇಳುವವರಲ್ಲ. ಆದ್ದರಿಂದ ಇದನ್ನು ನಂಬಬಹುದು.

ಆಗ ನಾವು ಒಂದು ಕಣ್ಣಿನ ಆಸ್ಪತ್ರೆಗೆ ಆ್ಯಪ್ ಮಾಡಿಕೊಡುತ್ತಿದ್ದೆವು. ರೋಗಿಗಳು ಮನೆಯಲ್ಲೇ ಕೂತು ಡಾಕ್ಟರ ಸಮಯ ಗೊತ್ತುಮಾಡಿಕೊಳ್ಳಬಹುದು, ತಮ್ಮ ರಿಪೋರ್ಟು ನೋಡಬಹುದು. ರೋಗಿಯ ರಿಪೋರ್ಟು ಕಂಡವರ ಕೈಗೆ ಸಿಗಬಾರದಲ್ಲ, ಅದಕ್ಕೆ ಎರಡು ಬೀಗ. ಮೊದಲನೆಯದು ಪಾಸ್‌ವರ್ಡು. ಅದನ್ನು ಹಾಕಿದ ಮೇಲೆ ಮೊಬೈಲಿಗೆ ಆರು ಅಂಕಿಯ ಒಂದು ಕೋಡು ಬರುತ್ತದೆ. ಅದನ್ನು ಎರಡು ನಿಮಿಷದೊಳಗೆ ಹಾಕಿದರೆ ಬಾಗಿಲು ತೆರೆಯುತ್ತದೆ. ಈಗ ಎಲ್ಲ ಕಡೆಯೂ ಇರುವಂಥದ್ದೇ.

ಪಾಸಪ್ಪನಿಗೆ ಸಿಕ್ಕ ಕೆಲಸ ಏನೆಂದರೆ, ಈ ಆ್ಯಪನ್ನು ದಿನಾ ತಾನೇ ತಾನಾಗಿ ಪರೀಕ್ಷಿಸುವ ಒಂದು ಸ್ಕ್ರಿಪ್ಟು ಬರೆಯುವುದು. ಮನುಷ್ಯನ ಕೈ ಸೋಕಬಾರದು. ಸ್ಕ್ರಿಪ್ಟೇ ಆ್ಯಪನ್ನು ತೆರೆಯಬೇಕು, ಪಾಸ್‌ವರ್ಡು ಹಾಕಬೇಕು, ಒಳಗೆ ಹೋಗಬೇಕು, ಎಲ್ಲ ಗುಂಡಿಗಳನ್ನೂ ಒತ್ತಿ ನೋಡಬೇಕು. ಎಲ್ಲ ಚೆನ್ನಾಗಿ ಬಂತು. ಆದರೆ ಎರಡನೇ ಬೀಗದ ಹತ್ತಿರ ಬಂದು ಸ್ಕ್ರಿಪ್ಟು ನಿಂತುಬಿಟ್ಟಿತು. ಕೋಡು ಬರುವುದು ಮೊಬೈಲಿಗೆ. ನಮ್ಮ ಮಹಡಿಯಲ್ಲಿ ಮೊಬೈಲು ತರುವಂತಿಲ್ಲ. ಆಸ್ಪತ್ರೆಯ ಕೆಲಸವೆಂದು ಬಾಗಿಲಲ್ಲೇ ಲಾಕರಿನಲ್ಲಿಟ್ಟು ಬರಬೇಕು. ಮೇಜಿನ ಮೇಲಿರುವುದು ತಂತಿಯ ಫೋನು ಮಾತ್ರ.

ಪರೀಕ್ಷೆಗೆಂದು ಈ ಎರಡನೇ ಬೀಗಕ್ಕೆ ಬೇರೆ ವ್ಯವಸ್ಥೆ ಮಾಡಿಕೊಡಿ ಎಂದು ಅವನು ಭದ್ರತಾ ಅಧಿಕಾರಿಗೆ ಅರ್ಜಿ ಹಾಕಿದ. ಈ ಅಧಿಕಾರಿಯನ್ನು ನಾವು ಬೀಗದಣ್ಣ ಎನ್ನುತ್ತಿದ್ದೆವು. ಬೀಗದಣ್ಣ ಅರ್ಜಿಗಳನ್ನು ತಿರಸ್ಕರಿಸುವ ಮನುಷ್ಯನಲ್ಲ. ಹಾಗೆ ಮಾಡಿದರೆ ಕಾರಣ ಬರೆಯಬೇಕಾಗುತ್ತದೆ. ಅವನು ಅರ್ಜಿಯನ್ನು ‘ಪರಿಶೀಲನೆಯಲ್ಲಿದೆ’ ಎಂಬ ಸ್ಥಿತಿಗೆ ಏರಿಸಿದ. ಅದು ಅಲ್ಲೇ ನೆಮ್ಮದಿಯಾಗಿ ಕೂತಿತು.

ಇತ್ತ ಮ್ಯಾನೇಜರ್ ಮೇಡಂ ಪ್ರತಿ ಸೋಮವಾರ ಕೇಳುತ್ತಿದ್ದರು. ಒಂದು ಸೋಮವಾರ ಅವರು, ಲಾಗಿನ್ ಪರೀಕ್ಷೆ ಓಡುತ್ತಿದೆಯಾ ಎಂದರು. ‘ಓಡಿಸುತ್ತೇನೆ’ ಎಂದು ಹೇಳಲು ಹೋದ ಪಾಸಪ್ಪನ ಬಾಯಲ್ಲಿ ‘ಓಡ್ತಾ ಇದೆ’ ಎಂದು ಬಂತು. ಎರಡಕ್ಕೂ ಇರುವ ವ್ಯತ್ಯಾಸ ಸಣ್ಣದು. ಆದರೆ ಮೇಡಂ ಅದನ್ನು ಬರೆದುಕೊಂಡುಬಿಟ್ಟರು.

ಆ ಸಂಜೆ ಅವನು ಮನೆಯಲ್ಲಿ ಮಂಕಾಗಿ ಕೂತಿದ್ದನ್ನು ಕಂಡು ಹೆಂಡತಿ ವಿಚಾರಿಸಿದಳು. ಆಕೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾವ ಕಾಯಿಲೆಗೂ ಕಪಾಟಿನಲ್ಲಿ ಒಂದು ಡಬ್ಬಿ ಇದ್ದೇ ಇರುತ್ತದೆಂದು ನಂಬಿದವಳು. ಎಲ್ಲ ಕೇಳಿ, ನಿಮ್ಮ ಹಳೇ ಮೊಬೈಲು ಹೇಗೂ ಅಮ್ಮನ ಹತ್ತಿರ ಇದೆ, ಆ ನಂಬರು ಕೊಡಿ, ಕೋಡು ಬಂದ ತಕ್ಷಣ ಅಮ್ಮ ನಿಮ್ಮ ಆಫೀಸಿನ ಫೋನಿಗೆ ಮಾಡಿ ಓದಿ ಹೇಳುತ್ತಾಳೆ ಎಂದಳು.

ಪಾಸಪ್ಪನ ಅತ್ತೆ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಮಗಳ ಮನೆಯ ಮೂರನೇ ಮಹಡಿಯಲ್ಲಿ, ಬೀದಿಗೆ ಮುಖಮಾಡಿದ ಕುರ್ಚಿಯಲ್ಲಿ, ಹೇಳಿಕೊಳ್ಳುವಂಥ ಕೆಲಸವಿಲ್ಲದೆ ಕೂತಿದ್ದರು. ಅಳಿಯ ಅಳುಕುತ್ತಾ ವಿಷಯ ತೆಗೆದಾಗ ಅವರು ಹೆಚ್ಚೇನೂ ಕೇಳಲಿಲ್ಲ. ಎಷ್ಟು ಗಂಟೆಗೆ, ದಿನಕ್ಕೆ ಎಷ್ಟು ಕರೆ, ನಂಬರನ್ನು ಒಂದು ಸಲ ಹೇಳಬೇಕೋ ಎರಡು ಸಲವೋ, ಅಷ್ಟೇ ಕೇಳಿದರು. ಆಫೀಸಿನ ಗುಟ್ಟು ಅತ್ತೆ, ಯಾರಿಗೂ ಹೇಳಬೇಡಿ ಎಂದು ಪಾಸಪ್ಪ ಸೇರಿಸಿದ. ಎಕ್ಸ್‌ಚೇಂಜಿನಲ್ಲಿ ಊರಿನವರೆಲ್ಲರ ಗುಟ್ಟು ಕೇಳಿಸಿಕೊಂಡು ಮನೆಗೆ ಬರುವಾಗ ಅಲ್ಲೇ ಬಿಟ್ಟು ಬರುತ್ತಿದ್ದವರಿಗೆ ಆ ಮಾತು ಸ್ವಲ್ಪ ಚುಚ್ಚಿತಂತೆ. ಆದರೂ ಆಗಲಿ ಎಂದರು.

ಮರುದಿನದಿಂದ ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ ನನ್ನ ಪಕ್ಕದ ಮೇಜಿನ ಫೋನು ಬಡಿದುಕೊಳ್ಳಲು ಶುರುವಾಯಿತು. ಒಂದು ಸಲಕ್ಕೆ ಐದು ಕರೆ. ಪಾಸಪ್ಪ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಗೋಡೆಯ ಕಡೆ ತಿರುಗಿ, ಹೂಂ ಅತ್ತೆ, ಹೂಂ ಅತ್ತೆ ಎನ್ನುತ್ತಾ ಆರು ಅಂಕಿ ಒತ್ತುತ್ತಿದ್ದ. ಸ್ಕ್ರಿಪ್ಟು ಒಳಗೆ ನುಗ್ಗುತ್ತಿತ್ತು. ಎಲ್ಲ ಹಸಿರು. ನನಗೆ ಮೊದಲ ದಿನವೇ ವಿಷಯ ತಿಳಿಯಿತು. ಮೇಡಂಗೆ ಹೇಳಬೇಕಿತ್ತಲ್ಲವೇ ಎಂದು ನೀವು ಕೇಳಬಹುದು. ಹೇಳಲಿಲ್ಲ. ನಮ್ಮ ಆಫೀಸಿನಲ್ಲಿ ಹೇಳಿದ ಸಮಯಕ್ಕೆ ಸರಿಯಾಗಿ ನಡೆಯುತ್ತಿದ್ದ ವ್ಯವಸ್ಥೆ ಅದೊಂದೇ.

ಎಡವಟ್ಟಾದದ್ದು ಒಂದು ಸಾಲಿನಿಂದ. ಪಾಸಪ್ಪ ಸ್ಕ್ರಿಪ್ಟಿನಲ್ಲಿ, ಕೋಡು ಬರುವವರೆಗೆ ತಡೆದು ನಿಲ್ಲು ಎಂದು ಹೇಳುವ ಜಾಗದಲ್ಲಿ, ತನ್ನ ನೆನಪಿಗಿರಲೆಂದು ‘ವೇಟ್ ಫಾರ್ ಅತ್ತೆ’ ಎಂದು ಬರೆದಿದ್ದ. ಇಂಗ್ಲಿಷಿನ ದಪ್ಪ ಅಕ್ಷರದಲ್ಲಿ ಎ, ಟಿ, ಟಿ, ಇ. ಒಂದು ದಿನ ಮೇಡಂ ಅವನ ಹಿಂದೆ ಬಂದು ನಿಂತವರು ಆ ಸಾಲನ್ನು ನೋಡಿ, ಈ ಎ.ಟಿ.ಟಿ.ಇ. ಎಂದರೇನು ಎಂದು ಕೇಳಿದರು. ಸಾಫ್ಟ್‌ವೇರಿನವರಿಗೆ ನಾಲ್ಕು ದಪ್ಪ ಅಕ್ಷರ ಒಟ್ಟಿಗೆ ಕಂಡರೆ ಅದು ಯಾರದೋ ಸಂಬಂಧಿಕರಿರಬಹುದು ಎಂಬ ಯೋಚನೆ ಬರುವುದಿಲ್ಲ.

ಪಾಸಪ್ಪನ ಮುಖ ಬಿಳಿಚಿಕೊಂಡಿತು. ಆದರೆ ಅಂಥ ಹೊತ್ತಿನಲ್ಲೇ ಮನುಷ್ಯನ ನಾಲಿಗೆಗೆ ಎಲ್ಲಿಲ್ಲದ ಚುರುಕು ಬರುತ್ತದೆ.

“ಆಟೋಮೇಟೆಡ್ ಟೋಕನ್ ಟ್ರಾನ್ಸ್‌ಫರ್ ಎಂಜಿನ್, ಮೇಡಂ,” ಎಂದ.

ನಾನು ಕೆಮ್ಮಿದೆ. ಮೇಡಂ ಕೆಮ್ಮಲಿಲ್ಲ. ಅವರ ಕಣ್ಣು ಹೊಳೆಯಿತು. ಕೋಡನ್ನು ತಾನೇ ಹಿಡಿದು ತಾನೇ ತಲುಪಿಸುತ್ತದಾ ಎಂದು ಕೇಳಿದರು. ಹೌದು, ತಾನೇ ಎಂದ. ಹೊರಗಿನಿಂದ ತಂದದ್ದಾ ಎಂದರು. ಇಲ್ಲ, ಮನೆಯಲ್ಲೇ ಇದ್ದದ್ದು ಎಂದ. ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ ಎಂಬುದು ಅವನ ದುರದೃಷ್ಟ. ಮೇಡಂ ಮುಂದುವರಿದು, ಅದು ದಿನವಿಡೀ ಲಭ್ಯವಿರುತ್ತದಾ ಎಂದು ಕೇಳಿದರು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ, ಮಧ್ಯಾಹ್ನ ಒಂದರಿಂದ ಎರಡೂವರೆ ತನಕ ಮೇಂಟೆನೆನ್ಸ್ ಎಂದ. ಅದು ಅತ್ತೆ ಅಡ್ಡಾಗುವ ಸಮಯ. ಒಂದೇ ಸಲಕ್ಕೆ ಎರಡು ಕೋಡು ಬಂದರೆ ನಿಭಾಯಿಸುತ್ತದಾ ಎಂದದ್ದಕ್ಕೆ, ಕೇಳಿ ಹೇಳುತ್ತೇನೆ ಎಂದ.

ಮುಂದಿನ ವಾರ ದೊಡ್ಡವರ ಮೀಟಿಂಗಿನಲ್ಲಿ ಎ.ಟಿ.ಟಿ.ಇ. ಒಂದು ಇಡೀ ಸ್ಲೈಡಿನಲ್ಲಿ ಮೆರೆಯಿತು. ನೀಲಿ ಬಣ್ಣದ ಪೆಟ್ಟಿಗೆಯೊಳಗೆ ಹಲ್ಲಿನ ಚಕ್ರದ ಚಿತ್ರ, ಅದರ ಎರಡು ಕಡೆ ಬಾಣ. ದಿನಕ್ಕೆ ಎರಡು ಸಲ ಓಡುತ್ತಿದ್ದ ಪರೀಕ್ಷೆ ಮೂರು ಸಲವಾಯಿತು. ಅತ್ತೆ ಬೆಳಗಿನ ವಾಕಿಂಗನ್ನು ಮುಂದಕ್ಕೆ ಹಾಕಬೇಕಾಯಿತು. ಅವರು ಮೊಬೈಲನ್ನು ಕೈಯಲ್ಲೇ ಹಿಡಿದು, ಕನ್ನಡಕ ಮೂಗಿನ ಮೇಲಿಟ್ಟುಕೊಂಡು, ಕಟ್ಟಡದ ಮೆಟ್ಟಿಲಿಳಿಯುವಾಗ, ತರಕಾರಿ ಆರಿಸುವಾಗ, ಲಿಫ್ಟಿಗೆ ಕಾಯುವಾಗ ಅಲ್ಲಲ್ಲೇ ನಿಂತು ಅಂಕಿ ಒಪ್ಪಿಸತೊಡಗಿದರು. “ನಾಲ್ಕು. ಒಂದು. ಒಂಬತ್ತು.” ಒಂದೊಂದೂ ಗಂಟೆ ಹೊಡೆದ ಹಾಗೆ ಸ್ಪಷ್ಟ. ಎರಡು ಮಹಡಿ ಕೆಳಗಿನವರಿಗೂ ಕೇಳುತ್ತಿತ್ತು.

ಎರಡು ಮಹಡಿ ಕೆಳಗೆ ಇದ್ದವರು ಕಟ್ಟಡದ ಸಂಘದ ಕಾರ್ಯದರ್ಶಿ. ಅವರು ಬಲು ಒಳ್ಳೆಯ ಮನುಷ್ಯರು. ಯಾರಿಗೆ ಏನು ಅಪಾಯ ಬರುತ್ತದೋ ಎಂದು ಸದಾ ಕಾದುಕೊಂಡೇ ಇರುವವರು. ಮೊಬೈಲಿಗೆ ಬರುವ ಕೋಡನ್ನು ಯಾರಿಗೂ ಹೇಳಬೇಡಿ ಎಂದು ಲಿಫ್ಟಿನಲ್ಲಿ ಚೀಟಿ ಅಂಟಿಸಿದವರೂ ಅವರೇ. ಆ ಚೀಟಿಯ ಮುಂದೆಯೇ ನಿಂತು, ಮೂರನೇ ಮಹಡಿಯ ಹಿರಿಯ ಹೆಂಗಸು ಯಾರಿಗೋ ಕೋಡಿನ ಮೇಲೆ ಕೋಡು ಒಪ್ಪಿಸುತ್ತಿರುವುದನ್ನು ಕಂಡು ಅವರಿಗೆ ಊಟ ಸೇರದಂತಾಯಿತು.

ಒಂದು ದಿನ ಮೆಲ್ಲಗೆ ವಿಚಾರಿಸಿದರು. ಅಮ್ಮಾ, ಯಾರ ಜೊತೆ ಮಾತಾಡುತ್ತೀರಿ ಎಂದರು. ಅದು ಗುಟ್ಟು, ಹೇಳುವ ಹಾಗಿಲ್ಲ ಎಂದರು ಅತ್ತೆ. ಗುಟ್ಟಾಗಿಡಿ ಎಂದು ಹೇಳಿದವರು ಯಾರು ಎಂದು ಕೇಳಿದರು. ಬೇಕಾದವರೇ ಎಂದರು. ಹೇಳದಿದ್ದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ, ಎರಡು ನಿಮಿಷದಲ್ಲಿ ಹೇಳದಿದ್ದರೆ ಎಲ್ಲ ಹಾಳಾಗುತ್ತದೆ ಎಂದುಬಿಟ್ಟರು. ಕಾರ್ಯದರ್ಶಿಗಳು ಸೀದಾ ಪೊಲೀಸ್ ಠಾಣೆಗೆ ಹೋದರು. ಮಗಳಿಗೋ ಅಳಿಯನಿಗೋ ಏಕೆ ಹೇಳಲಿಲ್ಲ ಎಂದು ಆಮೇಲೆ ಯಾರೋ ಕೇಳಿದ್ದಕ್ಕೆ, ಆ ಅಳಿಯ ಮೊದಲೇ ಹೆದರುಪುಕ್ಕಲ ಮನುಷ್ಯ, ಕೇಳಿದರೆ ಎದೆ ಒಡೆದುಕೊಳ್ಳುತ್ತಾನೆ ಎಂದು ಸುಮ್ಮನಾದೆ ಎಂದರಂತೆ.

ಇತ್ತ ಆಸ್ಪತ್ರೆಯ ಹಿರಿಯ ಡಾಕ್ಟರಮ್ಮ ನಮ್ಮ ಕೆಲಸ ನೋಡಲು ಬರುತ್ತಾರೆಂದು ಗೊತ್ತಾಯಿತು. ಮೇಡಂಗೆ ಎ.ಟಿ.ಟಿ.ಇ.ಯನ್ನು ಅವರ ಕಣ್ಣೆದುರಿಗೇ ಓಡಿಸಿ ತೋರಿಸುವ ಆಸೆ. ಇದು ಚೆನ್ನಾಗಿ ನಡೆದರೆ ಪಾಸಪ್ಪ ಪರೀಕ್ಷಕರ ತಂಡಕ್ಕೆ ಮುಖ್ಯಸ್ಥನಾಗುತ್ತಾನೆ ಎಂದೂ ಸೂಚನೆ ಕೊಟ್ಟಿದ್ದರು. ಪಾಸಪ್ಪ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗಲೇ ಹೇಳಿಬಿಡು ಎಂದು ನಾನು ಎರಡು ಸಲ ಹೇಳಿದೆ. ಇದೊಂದು ಕಳೆಯಲಿ, ಆಮೇಲೆ ಬೀಗದಣ್ಣನ ಕಾಲು ಹಿಡಿದಾದರೂ ಸರಿಮಾಡಿಸುತ್ತೇನೆ ಎಂದ.

ಬುಧವಾರ ಹನ್ನೊಂದು ಗಂಟೆ. ಪಾಸಪ್ಪನ ಮೇಜಿನ ಸುತ್ತ ಮೇಡಂ, ದೊಡ್ಡ ಸಾಹೇಬರು, ಡಾಕ್ಟರಮ್ಮ ನಿಂತರು. ಬೀಗದಣ್ಣ ಹಿಂದೆ ಕೈಕಟ್ಟಿಕೊಂಡು ನಿಂತಿದ್ದ. ಸ್ಕ್ರಿಪ್ಟು ಹೊರಟಿತು. ಪರದೆಯ ಮೇಲೆ ಆ್ಯಪು ತೆರೆಯಿತು, ಪಾಸ್‌ವರ್ಡು ತಾನೇ ಬಿದ್ದಿತು, ಎರಡನೇ ಬೀಗದ ಪುಟ ಬಂತು. ಈಗ ನೋಡಿ, ಎ.ಟಿ.ಟಿ.ಇ. ಕೋಡನ್ನು ಹಿಡಿಯುತ್ತದೆ ಎಂದು ಮೇಡಂ ಕೈ ತೋರಿಸಿದರು. ಎಲ್ಲರೂ ನೋಡಿದರು. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಿತ್ತು.

ಅದೇ ಹೊತ್ತಿಗೆ ಮೂರನೇ ಮಹಡಿಯ ಹಾಲಿನಲ್ಲಿ ಅತ್ತೆಯ ಎದುರಿಗೆ ಒಬ್ಬ ಇನ್ಸ್‌ಪೆಕ್ಟರೂ ಕಾರ್ಯದರ್ಶಿಗಳೂ ಕೂತಿದ್ದರು. ಮೊಬೈಲು ಇನ್ಸ್‌ಪೆಕ್ಟರ ಕೈಯಲ್ಲಿತ್ತು. ಅದು ಟಿಣ್ ಎಂದಿತು. ಪರದೆಯ ಮೇಲೆ ಬಂದ ಅಂಕಿಗಳನ್ನು ಕೂತಲ್ಲಿಂದಲೇ ಓದಿಕೊಂಡು ಅತ್ತೆ ಕೈ ಚಾಚಿದರು. ಅದನ್ನು ಕೊಡಿ, ಹೊತ್ತಾಗುತ್ತದೆ, ಕಾಯುತ್ತಿರುತ್ತಾರೆ ಎಂದರು. ಹೀಗೆ ಅವಸರ ಮಾಡುವುದೇ ಅವರ ತಂತ್ರ ಎಂದು ಕಾರ್ಯದರ್ಶಿಗಳು ಇನ್ಸ್‌ಪೆಕ್ಟರಿಗೆ ವಿವರಿಸಿದರು. ಇನ್ಸ್‌ಪೆಕ್ಟರು ಸಮಾಧಾನದ ಮನುಷ್ಯ. ಯಾವ ನಂಬರಿಗೆ ಹೇಳುತ್ತೀರೋ ಆ ನಂಬರಿಗೆ ನಾನೇ ಮಾಡುತ್ತೇನೆ ಎಂದು ಗುಂಡಿ ಒತ್ತಿದರು.

ಒಂದು ನಿಮಿಷ ಕಳೆದಿತ್ತು. ಇವತ್ತು ಸ್ವಲ್ಪ ನಿಧಾನ ಎಂದು ಮೇಡಂ ನಗಲು ಪ್ರಯತ್ನಿಸಿದ ಹೊತ್ತಿಗೆ ಮೇಜಿನ ಫೋನು ಬಡಿದುಕೊಂಡಿತು. ಬೆವರಿದ ಬೆರಳಿನಿಂದ ಪಾಸಪ್ಪ ಹೆಡ್‌ಫೋನಿನ ಗುಂಡಿ ಒತ್ತಲು ಹೋಗಿ ಸ್ಪೀಕರಿನ ಗುಂಡಿ ಒತ್ತಿದ.

“ಕೋಡಿಗೆ ಕಾಯ್ತಾ ಇರೋದು ನೀವೇನಾ?” ಎಂದಿತು ಒಂದು ಗಡಸು ದನಿ.

ಮೂರು ತಿಂಗಳ ಅಭ್ಯಾಸ. ಪಾಸಪ್ಪ ಯೋಚಿಸದೆ, “ಹೂಂ, ಹೇಳಿ ಅತ್ತೆ,” ಎಂದ.

“ನಾನು ಅತ್ತೆ ಅಲ್ಲ. ಪೊಲೀಸ್ ಇನ್ಸ್‌ಪೆಕ್ಟರ್.”

ನಮ್ಮ ಮಹಡಿಯಲ್ಲಿ ಅರವತ್ತು ಜನ ಕೂರುತ್ತೇವೆ. ಅರವತ್ತು ಕೀಬೋರ್ಡೂ ಒಟ್ಟಿಗೆ ನಿಂತದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಇನ್ಸ್‌ಪೆಕ್ಟರು ಹೆಸರು, ವಿಳಾಸ, ಎಷ್ಟು ದಿನದಿಂದ ಈ ಕೆಲಸ ನಡೆದಿದೆ ಎಂದು ಕ್ರಮವಾಗಿ ಕೇಳುತ್ತಿದ್ದರು. ಅಷ್ಟರಲ್ಲಿ ಆ ಕಡೆಯಿಂದ ಸ್ವಲ್ಪ ದೂರದಿಂದ ಇನ್ನೊಂದು ದನಿ ಕೇಳಿಸಿತು. ಅದರಲ್ಲಿ ಗಾಬರಿ ಇರಲಿಲ್ಲ. ಮೂವತ್ತೆರಡು ವರ್ಷದ ನೌಕರಿ ಇತ್ತು.

“ಸಾರ್, ವಿಚಾರಣೆ ಆಮೇಲೆ ಮಾಡ್ಕೊಳ್ಳಿ. ಇನ್ನು ಇಪ್ಪತ್ತು ಸೆಕೆಂಡಿದೆ. ಅಳಿಯಂದಿರೇ, ಬರ್ಕೊಳ್ಳಿ. ಏಳು. ಎರಡು. ಎರಡು. ಐದು. ಸೊನ್ನೆ. ಮೂರು.”

ಪಾಸಪ್ಪನ ತಲೆ ಕೆಲಸ ನಿಲ್ಲಿಸಿತ್ತು, ಬೆರಳು ನಿಲ್ಲಿಸಿರಲಿಲ್ಲ. ಪರದೆಯ ಮೇಲೆ ಹಸಿರು ಗುರುತು ಅರಳಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಇನ್ಸ್‌ಪೆಕ್ಟರಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಈತ ನಿಮ್ಮ ಕಂಪನಿಯ ನೌಕರನೇ ಎಂದು ಮೇಡಂ ಅವರನ್ನು ಕೇಳಿದರು. ಇವತ್ತಿನ ಮಟ್ಟಿಗೆ ಹೌದು ಎಂದರು ಮೇಡಂ. ಡಾಕ್ಟರಮ್ಮ ಮಾತ್ರ ಪರದೆಯ ಮೇಲಿನ ನಾಲ್ಕು ಅಕ್ಷರಗಳನ್ನು ನಿಧಾನವಾಗಿ ಕೂಡಿಸಿ ಓದಿ, ಪಾಸಪ್ಪನ ಮುಖ ನೋಡಿ, ನಿಮ್ಮ ಹೆಂಡತಿಯ ತಾಯಿಯಾ ಎಂದು ಕೇಳಿದರು. ಅವನು ತಲೆಯಾಡಿಸಿದ.

ಮರುದಿನ ಹತ್ತಕ್ಕೆ ಸಣ್ಣ ಕೋಣೆಯಲ್ಲಿ ವಿಚಾರಣೆ. ಡಾಕ್ಟರಮ್ಮನೂ ಬಂದಿದ್ದರು, ತಮ್ಮ ಆಸ್ಪತ್ರೆಯ ಕೆಲಸದಲ್ಲಿ ಏನು ನಡೆದಿದೆ ಎಂದು ತಿಳಿಯದೆ ಹೋಗುವುದಿಲ್ಲ ಎಂದಿದ್ದರು. ಸಾಕ್ಷಿಯೆಂದು ನನ್ನನ್ನೂ ಕೂರಿಸಿದರು. ಬೀಗದಣ್ಣ ದಪ್ಪ ಫೈಲು ತೆರೆದು, ಕೋಡನ್ನು ಹೊರಗಿನವರ ಕೈಗೆ ಕೊಟ್ಟದ್ದು ಎಷ್ಟು ನಿಯಮಗಳ ಉಲ್ಲಂಘನೆ ಎಂದು ಓದತೊಡಗಿದ. ಏಳನೆಯದಕ್ಕೆ ಬಂದಾಗ ಬಾಗಿಲು ತಟ್ಟಿದ ಸದ್ದಾಯಿತು.

ಅತ್ತೆ ಬಂದಿದ್ದರು. ಯಾರೂ ಕರೆದಿರಲಿಲ್ಲ. ಡ್ಯೂಟಿಗೆ ಹೊರಟವರ ಹಾಗೆ ನೀಟಾಗಿ ಸೀರೆ ಉಟ್ಟು, ಕಂಕುಳಲ್ಲಿ ಮೂರು ನೋಟ್‌ಬುಕ್ ಹಿಡಿದಿದ್ದರು. ಅವರನ್ನು ಕಂಡದ್ದೇ ಪಾಸಪ್ಪ ಎದ್ದು ನಿಂತ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವನ ಬಾಯಿಂದ ನೇರವಾಗಿ ಒಂದು ಮಾತು ಬಂತು.

“ಮೇಡಂ, ತಪ್ಪು ನನ್ನದು. ಓಡ್ತಾ ಇಲ್ಲದೇ ಇರೋದನ್ನ ಓಡ್ತಾ ಇದೆ ಅಂದೆ. ಇವರಿಗೆ ಕೆಲಸ ಅಂತ ಹೇಳಿದ್ದೆ, ಇವರು ಮಾಡಿದ್ರು. ಏನು ಮಾಡೋದಿದ್ರೂ ನನಗೆ ಮಾಡಿ, ಇವರನ್ನ ಏನೂ ಕೇಳಬೇಡಿ.”

“ಕೇಳಲಿ ಬಿಡಿ,” ಎಂದು ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

ಅವರು ಮೊದಲ ನೋಟ್‌ಬುಕ್ಕು ತೆರೆದರು. ಎಕ್ಸ್‌ಚೇಂಜಿನಲ್ಲಿ ಹೋದ ಕರೆ, ಬಂದ ಕರೆ ಎಲ್ಲ ಬರೆದಿಡುವ ಪದ್ಧತಿ. ಅದರಂತೆ ಒಂದೊಂದು ಕೋಡನ್ನೂ ತಾರೀಕು, ಗಂಟೆ ಸಮೇತ ಬರೆದಿಟ್ಟಿದ್ದರು. ಒಟ್ಟು ಆರುನೂರ ಹನ್ನೆರಡು. ಅದರಲ್ಲಿ ಕೆಲವಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿತ್ತು. ಅದೇನು ಎಂದು ಮೇಡಂ ಕೇಳಿದರು.

“ಇವಕ್ಕೆ ತಲೆ ಇಲ್ಲ,” ಎಂದರು ಅತ್ತೆ. “ನಂಬರು ಆರು ಅಂಕಿ ಅಂತಾರೆ. ಇವು ಬಂದಿದ್ದೇ ಐದು. ಐವತ್ತೊಂಬತ್ತು ಸಲ ಹಾಗಾಗಿದೆ. ಮೊದಲನೇ ಸಲ ಐದನ್ನೇ ಓದಿ ಹೇಳಿದೆ, ಒಳಗೆ ಬಿಡಲಿಲ್ಲ. ಆಮೇಲೆ ನೋಡಿದೆ. ಬೇರೆ ನಂಬರೆಲ್ಲ ಒಂದರಿಂದ ಶುರುವಾಗೋದಿದೆ, ಒಂಬತ್ತರಿಂದ ಶುರುವಾಗೋದಿದೆ. ಸೊನ್ನೆಯಿಂದ ಒಂದೂ ಇಲ್ಲ. ಎಲ್ಲಿ ಹೋಯ್ತು ಸೊನ್ನೆ? ನಿಮ್ಮ ಯಂತ್ರ ನುಂಗ್ತಾ ಇದೆ. ಅವತ್ತಿಂದ ಐದು ಬಂದಾಗೆಲ್ಲ ಮುಂದೆ ಒಂದು ಸೊನ್ನೆ ನಾನೇ ಸೇರಿಸಿ ಹೇಳ್ತಿದ್ದೆ. ಸರಿಯಾಗ್ತಿತ್ತು.”

ಬೀಗದಣ್ಣ ಫೈಲು ಮುಚ್ಚಿದ. ನಮ್ಮಲ್ಲಿ ಯಾರಿಗಾದರೂ ಹೇಳಿದ್ದಿರಾ ಎಂದು ಮೇಡಂ ಕೇಳಿದರು. ಅಳಿಯಂದಿರಿಗೆ ಹೇಳಿದ್ದೆ ಎಂದರು ಅತ್ತೆ. ಎಲ್ಲರೂ ಪಾಸಪ್ಪನ ಕಡೆ ತಿರುಗಿದರು.

“ಹೇಳಿದ್ರು,” ಎಂದ ಪಾಸಪ್ಪ. “ಹಸಿರು ಬಂತಲ್ಲ ಅಂತ ನಾನು ಸುಮ್ಮನಾದೆ.”

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಿಂದಿನ ತಿಂಗಳು ಅವರು ಈ ಆ್ಯಪನ್ನು ಇನ್ನೂರು ರೋಗಿಗಳಿಗೆ ಕೊಟ್ಟು ನೋಡಿದ್ದರಂತೆ. ಇಪ್ಪತ್ತಕ್ಕೂ ಹೆಚ್ಚು ಜನ ವಾಪಸು ಬಂದು, ಕೋಡಿನಲ್ಲಿ ಐದೇ ಅಂಕಿ ಕಾಣುತ್ತದೆ ಎಂದು ದೂರು ಹೇಳಿದ್ದರು.

“ಕಣ್ಣಿನ ಆಸ್ಪತ್ರೆಗೆ ಬಂದವರು ಆರರಲ್ಲಿ ಐದೇ ಕಾಣ್ಸುತ್ತೆ ಅಂದ್ರೆ ನಾವು ಏನು ಅಂದ್ಕೋಬೇಕು?” ಎಂದರು ಅವರು. “ಮೂರು ಜನಕ್ಕೆ ಕನ್ನಡಕ ಬದಲಾಯಿಸಿ ಕಳ್ಸಿದೀವಿ.”

ಮೇಡಂ ನಗಲು ಹೋಗಿ ತಡೆದುಕೊಂಡರು, ಡಾಕ್ಟರಮ್ಮ ನಗುತ್ತಿರಲಿಲ್ಲ. ಒಬ್ಬ ಮುದುಕರಿಗೆ ಶಸ್ತ್ರಚಿಕಿತ್ಸೆಯ ನಂತರ ಯಾವ ದಿನ ಬರಬೇಕೆಂದು ನೋಡಲು ಆಗದೆ, ನನಗೇ ಕಣ್ಣು ಕಾಣುತ್ತಿಲ್ಲವೇನೋ ಎಂದುಕೊಂಡು ಹತ್ತು ದಿನ ಮನೆಯಲ್ಲೇ ಕೂತಿದ್ದರಂತೆ. ಪುಣ್ಯಕ್ಕೆ ಕಣ್ಣು ಉಳಿಯಿತು. ಅತ್ತೆ ಅದನ್ನು ಕೇಳಿ ನೋಟ್‌ಬುಕ್ಕಿನ ಮೇಲೆ ಕೈಯಿಟ್ಟರು. ನಾನು ಸೊನ್ನೆ ಸೇರಿಸದೇ ಇದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತಲ್ಲ ಎಂದು ಮೆಲ್ಲಗೆ ಹೇಳಿದರು. ಸೇರಿಸಿದ್ದು ನಿಮ್ಮ ತಪ್ಪಲ್ಲ, ಬರೆದಿಟ್ಟದ್ದು ನೀವೊಬ್ಬರೇ ಎಂದರು ಡಾಕ್ಟರಮ್ಮ. ಆ ನೋಟ್‌ಬುಕ್ಕುಗಳನ್ನು ಒಂದು ದಿನದ ಮಟ್ಟಿಗೆ ಕೊಡುತ್ತೀರಾ ಎಂದು ಕೇಳಿದರು.

ಆಮೇಲೆ ಆದದ್ದೆಲ್ಲ ಬೇಗ ಆಯಿತು. ಸೊನ್ನೆ ನುಂಗುತ್ತಿದ್ದ ಜಾಗ ಸಿಕ್ಕಿತು. ಕೋಡನ್ನು ಬರೀ ಸಂಖ್ಯೆ ಎಂದುಕೊಂಡು ಮುಂದಿನ ಸೊನ್ನೆಗೆ ಬೆಲೆಯಿಲ್ಲವೆಂದು ಆ್ಯಪು ಉದುರಿಸಿಬಿಡುತ್ತಿತ್ತು. ಒಂದು ಸಾಲು ತಿದ್ದುವುದಕ್ಕೆ ಒಂದು ಗಂಟೆ ಹಿಡಿಯಿತು. ಮೂರು ತಿಂಗಳು ಪರಿಶೀಲನೆಯಲ್ಲಿದ್ದ ಅರ್ಜಿ ಎರಡು ದಿನದಲ್ಲಿ ಮಂಜೂರಾಯಿತು. ಈಗ ಪರೀಕ್ಷೆಗೆಂದೇ ಇರುವ ನಕಲಿ ರೋಗಿಗಳ ಖಾತೆಗೆ ಒಂದು ಗುಪ್ತ ಕೀಲಿ ಇದೆ. ಅದನ್ನಿಟ್ಟುಕೊಂಡು ಸ್ಕ್ರಿಪ್ಟೇ ಕೋಡನ್ನು ಲೆಕ್ಕಹಾಕಿಕೊಂಡು ಒಳಗೆ ಹೋಗುತ್ತದೆ. ಅದಲ್ಲದೆ ಹೊರಗೆ ಹೋಗುವ ಸಂದೇಶವನ್ನೂ ಒಂದು ಪೆಟ್ಟಿಗೆಯಲ್ಲಿ ಹಿಡಿದು, ಅಂಕಿ ಆರೇ ಇವೆಯೇ ಎಂದು ಎಣಿಸಿ ನೋಡುವ ಬೇರೊಂದು ಪರೀಕ್ಷೆಯೂ ಇದೆ. ಇವೆರಡನ್ನೂ ಬರೆದವನು ಪಾಸಪ್ಪನೇ. ಅವನ ಕೆಲಸ ಹೋಗಲಿಲ್ಲ. ಮುಖ್ಯಸ್ಥನ ಹುದ್ದೆ ಹೋಯಿತು, ಒಂದು ಎಚ್ಚರಿಕೆ ಪತ್ರ ಬಂತು. ಮೇಡಂ ಎರಡು ವಾರ ಅವನ ಜೊತೆ ಮಾತಾಡಲಿಲ್ಲ. ಮೂರನೇ ವಾರ ಅವನ ವರದಿಯಲ್ಲಿ ಒಂದೇ ದಿನ ನಾಲ್ಕು ಕೆಂಪು ಕಂಡು, ತಾವೇ ಮೇಜಿನ ಹತ್ತಿರ ಬಂದು ನಿಂತು, ಬರೆದವನಿಗೆ ಹೇಳಿದೆಯಾ ಎಂದು ಕೇಳಿದರು. ಹೇಳಿದೆ ಎಂದ. ಬರೆದವನ ಮುಖ ನಿಜವಾಗಿಯೂ ಸಪ್ಪಗಾಗಿತ್ತು. ಆದರೂ ಇಬ್ಬರೂ ಒಂದೇ ಟೇಬಲಿನಲ್ಲಿ ಊಟ ಮಾಡಿದರು.

ಇನ್ಸ್‌ಪೆಕ್ಟರು ದೂರನ್ನು ‘ಕುಟುಂಬದೊಳಗಿನ ವಿಷಯ’ ಎಂದು ಬರೆದು ಮುಗಿಸಿದರು. ಕಾರ್ಯದರ್ಶಿಗಳು ಅತ್ತೆಯ ಕ್ಷಮೆ ಕೇಳಿದರು, ಲಿಫ್ಟಿನ ಚೀಟಿಯನ್ನೂ ಬದಲಿಸಿದರು. ಈಗ ಅದರಲ್ಲಿ, ಕೋಡನ್ನು ಯಾರಿಗೂ ಹೇಳಬೇಡಿ, ಅಳಿಯಂದಿರಿಗೂ ಕೂಡ, ಎಂದಿದೆ.

ಒಂದು ಭಾನುವಾರ ನಾನು ಅತ್ತೆಯನ್ನು ನೋಡಲು ಹೋದೆ. ಮೂರು ತಿಂಗಳು ಪಕ್ಕದ ಮೇಜಿನ ‘ಹೂಂ ಅತ್ತೆ’ ಕೇಳಿ ಕೇಳಿ ಪರಿಚಯವಾದವರು. ಅವರು ಬೀದಿಗೆ ಮುಖಮಾಡಿದ ಕುರ್ಚಿಯಲ್ಲಿ ಕೂತಿದ್ದರು. ಇಷ್ಟನ್ನೆಲ್ಲ ಮೊದಲಿನಿಂದ ಹೇಳಿದರು. ಪಾಸಪ್ಪ ಒಳಗೆ ಪಾತ್ರೆ ತೊಳೆಯುತ್ತಿದ್ದ. ಆಫೀಸಿನವರ ಮುಂದೆ ನಿಮ್ಮನ್ನು ಯಂತ್ರ ಎಂದುಬಿಟ್ಟನಲ್ಲ, ಬೇಜಾರಾಗಲಿಲ್ಲವಾ ಎಂದು ನಾನು ದನಿ ತಗ್ಗಿಸಿ ಕೇಳಿದೆ.

ಅದಕ್ಕಲ್ಲ ಬೇಜಾರು ಎಂದರು. ಹೊಸದು ಬಂದ ಮೇಲೆ ಅಳಿಯಂದಿರು ಒಂದು ದಿನ ಖುಷಿಯಾಗಿ ಲೆಕ್ಕ ಹೇಳಿದರಂತೆ: ಅತ್ತೆ, ನೀವು ಒಂದು ಕೋಡು ಹೇಳುವುದಕ್ಕೆ ಸರಾಸರಿ ಹದಿನೆಂಟು ಸೆಕೆಂಡು ಹಿಡಿಯುತ್ತಿತ್ತು, ಈಗ ಒಂದೇ ಸೆಕೆಂಡು.

“ಹದಿನೆಂಟಂತೆ,” ಎಂದರು ಅತ್ತೆ. “ಆರು ಅಂಕಿ ಹೇಳೋಕೆ ನನಗೆ ಯಾವತ್ತೂ ಎಂಟು ಸೆಕೆಂಡಿನ ಮೇಲೆ ಹಿಡಿದಿಲ್ಲ. ಉಳಿದ ಹತ್ತು, ‘ಕಾಫಿ ಕುಡಿದ್ರಾ ಅತ್ತೆ’ ಅಂತ ಅವರು ಕೇಳ್ತಿದ್ರಲ್ಲ, ಅದಕ್ಕೆ ಹೋಗ್ತಿತ್ತು.”

ಒಳಗೆ ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಪಾಸಪ್ಪ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತ. ನಮ್ಮಿಬ್ಬರ ಮುಖವನ್ನೂ ನೋಡಿದ. ಒಂದು ಕುರ್ಚಿ ತಂದು ಅವರ ಪಕ್ಕದಲ್ಲಿ ಹಾಕಿಕೊಂಡು ಕೂತ.